ಮೂರನೇ ಕೂಗಿನ ತನಕ

ಶಾರ್ಜಾ
22 ಜೂನ್ 2018

ಸರಳಾ,

ಬಂದು ಸೇರಿದ್ದೇನೆ. ಜಗಳವಾಗಲಿ, ಮುಖ್ಯವಾದ ಮಾತಾಗಲಿ ವಾಟ್ಸಾಪಿನಲ್ಲಿ ಬೇಡ, ಇಮೇಲಿನಲ್ಲಿ, ಕನ್ನಡದಲ್ಲಿ, ಪೂರ್ತಿ ವಾಕ್ಯ ಬರೆಯಬೇಕು ಎಂದು ನಾವು ಈ ಕಂಪ್ಯೂಟರ್ ಆಟ ಮಾಡಲು ಕೂತ ದಿನವೇ ನೀನು ನಿಯಮ ಮಾಡಿದ್ದೆ. ಅರ್ಧ ವಾಕ್ಯಗಳಿಂದಲೇ ನಮ್ಮ ಮುಕ್ಕಾಲು ಜಗಳ ಹುಟ್ಟುತ್ತದೆ ಎಂದಿದ್ದೆ. ಈಗ ಜಗಳವೇನೂ ಇಲ್ಲ. ಆದರೂ ಹೆಬ್ಬಾಳದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಕಲಿತ ಕನ್ನಡ ಇಲ್ಲಿ ತುಕ್ಕು ಹಿಡಿಯದಿರಲಿ ಎಂದು ಬರೆಯುತ್ತಿದ್ದೇನೆ.

ನಮ್ಮದು ಸಭಾಂಗಣಗಳಿಗೆ ಸ್ಪೀಕರ್ ಜೋಡಿಸುವ ಕಂಪನಿ. ಖಾಲಿ ಹಾಲಿನ ಮೂಲೆಯಲ್ಲಿ ನಿಂತು ಚಪ್ಪಾಳೆ ತಟ್ಟಿ, ಶಬ್ದ ಎಲ್ಲೆಲ್ಲಿ ಮರಳಿ ಬರುತ್ತದೆ ಎಂದು ಕೇಳುವುದು ನನ್ನ ಕೆಲಸ. ಫೋನಿನಲ್ಲಿ ಅಮ್ಮಿಗೆ ಹೇಳಿದೆ. ಚಪ್ಪಾಳೆ ತಟ್ಟುವುದಕ್ಕೆ ಸಮುದ್ರ ದಾಟಬೇಕಿತ್ತಾ, ಆರ್.ಟಿ. ನಗರದಲ್ಲೇ ತಟ್ಟಬಹುದಿತ್ತಲ್ಲ ಎಂದಳು.

ಕೋಣೆಯಲ್ಲಿ ನನ್ನ ಜೊತೆ ರೊಡೆಲ್ ಎಂಬವನಿದ್ದಾನೆ, ಫಿಲಿಪೀನ್ಸಿನವನು. ನಮ್ಮ ಆಟದ ಬಗ್ಗೆ ಕೇಳಿದ. ಆಟದ ಹೆಸರು 'ದೀಪದ ಹೊತ್ತು', ಹಳೆಯ ಮನೆ, ಮುಸ್ಸಂಜೆ, ಮನೆಯವರೆಲ್ಲ ಹೊರಗೆ ಹೋಗಿದ್ದಾರೆ, ಗೌರಿ ಎಂಬ ಹುಡುಗಿ ಒಬ್ಬಳೇ ಇದ್ದಾಳೆ, ಆಡುವವನೇ ಗೌರಿ, ದೀಪ ಹಚ್ಚಿದ ಮೇಲೆ ಗೇಟಿನಿಂದ ಯಾರೋ ಹೆಸರು ಹಿಡಿದು ಕೂಗುತ್ತಾರೆ ಎಂದೆ. ಬಂದೂಕು ಇಲ್ಲವಾ ಎಂದ. ಇಲ್ಲ. ಓಡುವುದು? ಅದೂ ಇಲ್ಲ. ಹಾಗಾದರೆ ಆಡುವುದು ಏನನ್ನು ಎಂದು ಕೇಳಿದ. ಕಿವಿ ಕೊಟ್ಟು ಕೂತಿರುವುದು ಎಂದೆ. ಅವನ ಮುಖ ನೋಡಿ ವಿಷಯ ಬದಲಿಸಿದೆ.

ಆಟ ಬಿಡುಗಡೆಯಾಗಿ ತಿಂಗಳು ದಾಟಿತು. ಜನ ಏನೇನು ಹೇಳುತ್ತಿದ್ದಾರೆ? ಇಲ್ಲಿ ನೆಟ್ ಸರಿಯಾದ ಮೇಲೆ ಎಲ್ಲವನ್ನೂ ಓದುತ್ತೇನೆ. ನಿಮ್ಮ ದ್ರೌಪದಮ್ಮಜ್ಜಿಗೆ ಸಲಾಂ ಹೇಳು.

ಅದ್ನಾನ್


ಶಾರ್ಜಾ
9 ಜುಲೈ 2018

ಸರಳಾ,

ನಿನ್ನಿಂದ ಪತ್ರವಿಲ್ಲ. ಯಶವಂತಪುರದ ನಿಮ್ಮ ಜಾಹೀರಾತು ಆಫೀಸಿನಲ್ಲಿ ಕೆಲಸ ಜಾಸ್ತಿಯಾಗಿರಬೇಕು ಅಂದುಕೊಂಡೆ.

ಅಭಿಪ್ರಾಯಗಳನ್ನು ಓದಿದೆ. ನಮ್ಮ ಜನ ನಮಗೆ ಒಳ್ಳೆಯದೇ ಬರೆದಿದ್ದಾರೆ, ಹೊರಗಿನವರದ್ದು ತಲೆಗೊಂದು ಮಾತು. ಒಂದನ್ನು ಓದಿ ಜೋರಾಗಿ ನಗು ಬಂತು, ನಿನಗೂ ಕಳುಹಿಸುತ್ತಿದ್ದೇನೆ: 'ಈ ಆಟದಲ್ಲಿ ಕಥೆ ಎನ್ನುವುದೇ ಇಲ್ಲ. ಇರುವುದು ಶಬ್ದ ಮಾತ್ರ. ಆ ಶಬ್ದ ಮಾಡಿದವನೊಬ್ಬನೇ ಇದನ್ನು ಎತ್ತಿ ನಿಲ್ಲಿಸಿದ್ದಾನೆ.' ನೋಡು, ನಮ್ಮ ತಲೆಯ ಮೇಲೆ ಹಾದುಹೋಗುವ ಒಂದು ವಿಮಾನಕ್ಕೂ ಇನ್ನೊಂದು ವಿಮಾನಕ್ಕೂ ನಡುವೆ ಸಿಕ್ಕಷ್ಟು ಹೊತ್ತಿನಲ್ಲಿ ಗಡಿಬಿಡಿಯಿಂದ ಹಿಡಿದ ಶಬ್ದಕ್ಕೆ ಇಂಥ ಮರ್ಯಾದೆ.

ಬೇಗ ಬರೆ.

ಅದ್ನಾನ್


ಶಾರ್ಜಾ
30 ಜುಲೈ 2018

ಸರಳಾ,

ಫೋನ್ ಎತ್ತುತ್ತಿಲ್ಲ. ನಂದಕುಮಾರನಿಗೆ ಮಾಡಿದರೆ ಅಕ್ಕ ಸ್ನಾನಕ್ಕೆ ಹೋಗಿದ್ದಾಳೆ ಎನ್ನುತ್ತಾನೆ. ಒಂದು ತಿಂಗಳಿಂದ ಸ್ನಾನ ಮಾಡುತ್ತಿರುವವಳು ಬೆಂಗಳೂರಿನ ನೀರಿನ ಪರಿಸ್ಥಿತಿಯಲ್ಲಿ ನೀನೊಬ್ಬಳೇ ಇರಬೇಕು.

ಆಟ ಬಿಡುಗಡೆಯಾಗಿ ತಿಂಗಳಾಗುತ್ತಲೇ ನಾನು ಇಲ್ಲಿಗೆ ಹೊರಟುಬಂದೆ ಎಂಬ ಸಿಟ್ಟಾ? ಹಾಗಿದ್ದರೆ ಹಾಗೆಂದು ಬೈದುಬಿಡು. ಬೈಸಿಕೊಳ್ಳುವುದು ನನಗೆ ಅಭ್ಯಾಸವಿದೆ, ನೀನು ಸುಮ್ಮನಿರುವುದನ್ನು ತಾಳಿಕೊಳ್ಳುವುದು ಅಭ್ಯಾಸವಿಲ್ಲ.

ನಿಮ್ಮಜ್ಜಿ ಹೇಳುವ ಹಾಗೆ, ನಮ್ಮಮ್ಮಿಯೂ ಹೇಳುವ ಹಾಗೆ, ದೀಪ ಹಚ್ಚಿದ ಮೇಲೆ ಯಾರಾದರೂ ಹೊರಗಿನಿಂದ ಹೆಸರು ಹಿಡಿದು ಕರೆದರೆ ಮೊದಲ ಕೂಗಿಗೆ ಓಗೊಡಬಾರದು, ಎರಡನೆಯದಕ್ಕೂ ಕೊಡಬಾರದು. ಗಾಳಿಗೆ ಎರಡು ಸಲ ಮಾತ್ರ ಕೂಗಲು ಬರುತ್ತದೆ, ಮೂರನೆಯ ಸಲ ಕೂಗಿದರೆ ಅದು ಮನುಷ್ಯನೇ. ಆಟವನ್ನೇ ಈ ಮಾತಿನ ಮೇಲೆ ಕಟ್ಟಿದವಳು ನೀನು. ಇದು ನನ್ನ ಮೂರನೇ ಕೂಗು. ಇನ್ನಾದರೂ ಬಾಗಿಲು ತೆಗೆ.

ಅದ್ನಾನ್


ಕೊಡಿಗೇಹಳ್ಳಿ
1 ಆಗಸ್ಟ್ 2018

ಅದ್ನಾನ್,

ತೆಗೆದಿದ್ದೇನೆ. ಒಳಗೆ ಬಂದು ಕೂತು ಪೂರ್ತಿ ಕೇಳು.

ನೀನು ಹೊರಟುಹೋದದ್ದಕ್ಕೆ ಸಿಟ್ಟಿಲ್ಲ. ಹೊಟ್ಟೆಪಾಡು ಎಲ್ಲರಿಗೂ ಇದೆ. ಕಥೆಯೇ ಇಲ್ಲ, ಶಬ್ದ ಒಂದೇ ಇದೆ ಎಂದು ಯಾವನೋ ಬರೆದದ್ದನ್ನು ಆಯ್ದು, ನಗು ಬಂತು ಎಂದು ಸೇರಿಸಿ ನನಗೇ ಕಳುಹಿಸಿದೆಯಲ್ಲ, ಸಿಟ್ಟು ಅದಕ್ಕೆ. ಆ ಕಥೆಯನ್ನು ಎರಡು ವರ್ಷ ಬರೆದವಳು ನಾನು. ಬೆಳಗ್ಗೆಯಿಂದ ಸಂಜೆ ತನಕ ಜಾಹೀರಾತಿಗಾಗಿ ತೆರೆಯ ಮೇಲೆ ಸೋಪಿನ ನೊರೆ ಕುಣಿಸಿ, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಬಸ್ಸು ನಿಂತಷ್ಟೂ ಹೊತ್ತು ತಲೆಯೊಳಗೆ ಅದೇ ಕಥೆ ಬರೆದುಕೊಂಡು ಮನೆಗೆ ಬರುತ್ತಿದ್ದೆ. ನಿನಗೆ ನಗು ಬಂತು. ನನಗೆ ಅಳು ಬಂತು.

ಅಭಿಪ್ರಾಯಗಳನ್ನು ನಾನೂ ಒಂದೂ ಬಿಡದೆ ಓದಿದ್ದೇನೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ. ಅತ್ತೆಯ ಪಾತ್ರ ಬಾಯಿ ಮುಚ್ಚುವುದೇ ಇಲ್ಲ, ಹೆದರಲು ಪುರುಸೊತ್ತು ಕೊಡುವುದಿಲ್ಲ ಎಂದು ಚೆನ್ನೈನವನೊಬ್ಬ ಬರೆಯುತ್ತಾನೆ. ಇಡೀ ಆಟದಲ್ಲಿ ಒಂದು ನರಪಿಳ್ಳೆ ಇಲ್ಲ, ಖಾಲಿ ಮನೆಯಲ್ಲಿ ಸುತ್ತಾಡಿಸಿ ಕಳುಹಿಸಿದರು ಎಂದು ಕೆನಡಾದವಳೊಬ್ಬಳು. ಮೂರನೆಯ ಸಂಜೆ ಬೆನ್ನು ತಣ್ಣಗಾಯಿತು ಎಂದು ಒಬ್ಬ ಬರೆದರೆ ಅದರ ಕೆಳಗೇ ಇನ್ನೊಬ್ಬ, ಯಾವ ಮೂರು ಸಂಜೆ, ಇರುವುದೇ ಒಂದು ಸಂಜೆ, ಅದೂ ಮುಗಿಯುವುದಿಲ್ಲ ಎಂದು ಜಗಳಕ್ಕೆ ನಿಂತಿದ್ದಾನೆ. ಮೆಚ್ಚಿದವರೂ ಹಾಗೆಯೇ. 'ಏನೂ ಆಗದಿರುವುದೇ ಇದರ ದೊಡ್ಡತನ' ಎಂದು ಒಬ್ಬಳು. ಏನೂ ಆಗದಿರುವುದೇ? ಮೂರು ಸಂಜೆ, ಒಂದು ಸಾವು, ಬಾವಿಕಟ್ಟೆಯ ಗುಟ್ಟು, ಇವನ್ನೆಲ್ಲ ನಾನು ಯಾರಿಗಾಗಿ ಬರೆದೆ?

ಇವರು ಆಟವನ್ನು ಪೂರ್ತಿ ಆಡಿಯೇ ಇಲ್ಲ, ಅಷ್ಟು ಬೇಸರ ತರಿಸಿದೆ ಎಂಬುದಷ್ಟೇ ನನಗೆ ಅರ್ಥವಾದದ್ದು. ನನಗೆ ಕಥೆ ಬರೆಯಲು ಬರುವುದಿಲ್ಲ. ಗೊತ್ತಾದ ಮೇಲೆ ಅದನ್ನು ಆನ್‌ಲೈನ್ ಅಂಗಡಿಯಲ್ಲಿಟ್ಟುಕೊಂಡು ನಾಚಿಕೆ ಪಡುವುದು ಬೇಡ. ಆಟವನ್ನು ತೆಗೆದುಬಿಡೋಣ. ಖಾತೆ ಇಬ್ಬರ ಹೆಸರಿನಲ್ಲಿದೆ, ಇಬ್ಬರೂ ಒಪ್ಪದೆ ಅಂಗಡಿಯವರು ತೆಗೆಯುವುದಿಲ್ಲ. ಗೌರಿ ಹಬ್ಬದೊಳಗೆ ನಿನ್ನ ಒಪ್ಪಿಗೆ ಕಳುಹಿಸು. ಆಫೀಸಿನಲ್ಲಿ ಇಡೀ ವಿಭಾಗ ನೋಡಿಕೋ ಎನ್ನುತ್ತಿದ್ದಾರೆ. ನೋಡಿಕೊಳ್ಳುತ್ತೇನೆ. ಸಂಜೆಗಳನ್ನು ಇನ್ನು ಹಾಳು ಮಾಡಿಕೊಳ್ಳುವುದಿಲ್ಲ.

ಸರಳಾ


ಶಾರ್ಜಾ
5 ಆಗಸ್ಟ್ 2018

ಸರಳಾ,

ಆ ಮಾತನ್ನು ಕಳುಹಿಸಬಾರದಿತ್ತು. ಅದು ಮೂರ್ಖನ ಮಾತು, ನೀನೂ ನಗುತ್ತೀಯ ಎಂದುಕೊಂಡೆ. ನೀನು ಅದನ್ನು ನಿಜವೆಂದು ನಂಬುತ್ತೀಯ ಎಂದು ನನಗೆ ಹೊಳೆಯಲೇ ಇಲ್ಲ.

ಒಪ್ಪಿಗೆ ಈಗಲೇ ಕೊಡುವುದಿಲ್ಲ. ಹಟವಲ್ಲ, ನನಗೊಂದು ಅನುಮಾನವಿದೆ. ಬೇಸರವಾಗಿ ಅರ್ಧಕ್ಕೆ ಬಿಟ್ಟವರು 'ಖಾಲಿ ಮನೆ' ಎಂದು ಯಾಕೆ ಬರೆಯುತ್ತಾರೆ? ಎರಡನೇ ಕೂಗು ಮುಗಿದು ಮೂರನೆಯದು ಆದೊಡನೆ ಅತ್ತೆ ಬರುತ್ತಾಳೆ, ಆಮೇಲೆ ಆ ಮನೆ ಒಂದು ಗಳಿಗೆಯೂ ಖಾಲಿ ಇರುವುದಿಲ್ಲ. ಅರ್ಧ ಆಡಿದವನಿಗೂ ಅತ್ತೆ ಸಿಕ್ಕಿರಬೇಕು, ಅವಳಿಂದ ತಪ್ಪಿಸಿಕೊಂಡವರು ಯಾರಿದ್ದಾರೆ?

ಶುಕ್ರವಾರ ರಜೆ. ರೊಡೆಲ್‌ನನ್ನು ಕೂರಿಸಿ ಆಡಿಸುತ್ತೇನೆ. ಬಿರಿಯಾನಿಯ ಆಸೆ ತೋರಿಸಿದ್ದೇನೆ.

ಅದ್ನಾನ್


ಶಾರ್ಜಾ
11 ಆಗಸ್ಟ್ 2018

ಸರಳಾ,

ಕೂತುಕೊಂಡು ಓದು.

ರೊಡೆಲ್ ಆಡಿದ. ಮನೆಯೆಲ್ಲ ಓಡಾಡಿದ, ದೀಪ ಹಚ್ಚಿದ, ನಿಮ್ಮ ಅಡುಗೆಮನೆಯದನ್ನೇ ನೋಡಿ ನೀನು ಬಿಡಿಸಿದ ಗೋಡೆಯ ಗೂಡು ಚೆನ್ನಾಗಿದೆ ಎಂದ. ಗೇಟಿನ ಹೊರಗಿನಿಂದ ನನ್ನ ತಂಗಿ ರೂಬಿ ಆಟಕ್ಕೆ ಕೊಟ್ಟ ಧ್ವನಿ 'ಗೌರೀ' ಎಂದು ಕೂಗಿತು. ಅವನು ನೆಟ್ಟಗೆ ಹೋಗಿ ಬಾಗಿಲು ತೆಗೆದುಬಿಟ್ಟ.

ಮೊದಲ ಕೂಗಿಗೇ. ನಾನು ಕುರ್ಚಿಯಿಂದ ಎದ್ದು ನಿಂತೆ. ಯಾಕೆ ತೆಗೆದೆ ಎಂದು ಕೇಳಿದರೆ, ಯಾರೋ ಕರೆದರಲ್ಲ ಎಂದ. ಅವನ ಮಾತಿನಲ್ಲಿ ತಪ್ಪೇನಿದೆ ಹೇಳು. ಯಾರಾದರೂ ಕರೆದರೆ ಮನುಷ್ಯರು ಬಾಗಿಲು ತೆಗೆಯುತ್ತಾರೆ.

ಬಾಗಿಲಾಚೆ ಯಾರೂ ಇರಲಿಲ್ಲ. ಯಾರೂ ಒಳಗೆ ಬರಲಿಲ್ಲ. ಅತ್ತೆಯಿಲ್ಲ, ಎರಡನೇ ಕೂಗಿಲ್ಲ, ಎರಡನೇ ಸಂಜೆಯಿಲ್ಲ. ದೀಪ ಉರಿಯುತ್ತಲೇ ಇತ್ತು, ಕಿಟಕಿಯ ಬೆಳಕು ನೀನು ಮಾಡಿದ ಹಾಗೆ ಅಷ್ಟಷ್ಟೇ ಕಂದುತ್ತಾ ಹೋಯಿತು, ಮನೆ ಖಾಲಿ ಇತ್ತು. ಅವನು ಕೋಣೆಯಿಂದ ಕೋಣೆಗೆ ಹೋದ. ಆಮೇಲೆ ಕಾಲು ಮೇಲಕ್ಕೆತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡ. ಬಿರಿಯಾನಿ ಬಂದದ್ದನ್ನು ನೋಡಲಿಲ್ಲ.

ಅವರೆಲ್ಲ ನಿಜವನ್ನೇ ಬರೆದಿದ್ದಾರೆ, ಸರಳಾ. ನಾವು ಎರಡು ಆಟ ಮಾಡಿದ್ದೇವೆ. ಒಂದು ನಮಗೆ ಗೊತ್ತಿರಲಿಲ್ಲ.

ಅದ್ನಾನ್


ಕೊಡಿಗೇಹಳ್ಳಿ
14 ಆಗಸ್ಟ್ 2018

ಅದ್ನಾನ್,

ನಿನ್ನ ಪತ್ರ ಓದಿ ಪ್ರೋಗ್ರಾಮನ್ನು ತೆರೆದು ನೋಡಿದೆ. ಮೊದಲ ಅಥವಾ ಎರಡನೇ ಕೂಗಿಗೆ ಬಾಗಿಲು ತೆಗೆದರೆ ಒಳಗೆ ಒಬ್ಬಳು ಬರಬೇಕು. ಅವಳು ಬಂದರೆ ಏನಾಗಬೇಕು ಎಂದು ಬರೆಯಬೇಕಾದ ಜಾಗದಲ್ಲಿ ನನ್ನದೇ ಒಂದು ಸಾಲು ಕೂತಿದೆ: 'ಒಳಗೆ ಬರುವವಳು, ಆಮೇಲೆ ಬರೆಯಬೇಕು.' ಆಮೇಲೆ ಬರೆಯಲೇ ಇಲ್ಲ.

ನೆನಪಾಗದಿದ್ದದ್ದಕ್ಕೆ ಕಾರಣ ನಿನಗೂ ಗೊತ್ತು. ಬಿಡುಗಡೆಗೆ ಮೊದಲು ಯಾರ ಕೈಯಲ್ಲಿ ಆಡಿಸಿದೆವು? ನಂದಕುಮಾರ, ನಿನ್ನ ರೂಬಿ, ಪಕ್ಕದ ಬೀದಿಯವರು, ನಿಮ್ಮ ಬೀದಿಯವರು. ಎಲ್ಲರೂ ಬುದ್ಧಿವಂತರ ಹಾಗೆ ಕೈ ಕಟ್ಟಿಕೊಂಡು ಮೂರನೇ ಕೂಗಿಗೆ ಕಾದರು. ಒಬ್ಬರೂ ಬಾಗಿಲು ತೆಗೆಯಲಿಲ್ಲ. ಹಾಗೆ ತೆಗೆಯುವವರು ಈ ಲೋಕದಲ್ಲಿದ್ದಾರೆ ಎಂದು ನಮಗೆ ಯಾಕೆ ಹೊಳೆಯಲಿಲ್ಲವೋ. ಬಾಗಿಲಿನ ಗುಂಡಿಯನ್ನು ಜೋಡಿಸಿದವಳು ನಾನು. ನಾನೇ ಒಂದು ಸಲವೂ ಒತ್ತಿ ನೋಡಿಲ್ಲ. ಬೆರಳು ಹೋಗಲಿಲ್ಲ, ಅಷ್ಟೇ.

ನೀನು ಬರೆದದ್ದು ನಿಜವಾ ಎಂದು ನೋಡಲು ನಿನ್ನೆ ಸಂಜೆ ಅಜ್ಜಿಯನ್ನೇ ಲ್ಯಾಪ್‌ಟಾಪಿನ ಮುಂದೆ ಕೂರಿಸಿದೆ. ಗೌರೀ ಎಂದು ಕೂಗು ಬಂತು. "ಅಜ್ಜಿ, ಬಾಗಿಲು ತೆಗಿ, ಇಲ್ಲಿ ಒತ್ತು" ಎಂದೆ. ಅಜ್ಜಿ ನನ್ನ ಕೈಯ ಮೇಲೆ ಒಂದು ಏಟು ಕೊಟ್ಟು, "ಸುಮ್ಕಿರೇ. ದೀಪ ಅಚ್ಚಿದ್ ಮ್ಯಾಕೆ ಕೂಗ್ತಾವ್ಳೆ. ಮೂರ್ ಕಿತ ಕೂಗ್ಲಿ, ಆಮೇಕ್ ನೋಡಾನ" ಎಂದಳು. "ಇದು ಆಟ ಅಜ್ಜಿ" ಎಂದರೆ, "ಆಟಾನೇ ಆಗ್ಲಿ, ಇಂಗೆಲ್ಲ ಆಡ್ಬಾರ್ದು" ಎಂದಳು. ಇಂಥ ಮನೆಯಲ್ಲಿ ಬೆಳೆದವಳು ತಪ್ಪು ಕಂಡುಹಿಡಿಯುವುದು ಹೇಗೆ?

ತೆಗೆದುಹಾಕುವ ಮಾತು ಸ್ವಲ್ಪ ದಿನ ಹಾಗಿರಲಿ. ಮೊದಲು ಅವಳನ್ನು ಬರೆದು ಒಳಗೆ ಕಳುಹಿಸುತ್ತೇನೆ. ಆಗಲಾದರೂ ಎಲ್ಲರೂ ಒಂದೇ ಆಟ ಆಡುತ್ತಾರೆ.

ಸರಳಾ


ಶಾರ್ಜಾ
18 ಆಗಸ್ಟ್ 2018

ಸರಳಾ,

ಅವಳನ್ನು ಕಳುಹಿಸಬೇಡ.

ನಿನಗೆ ಇಷ್ಟವಾಗದ ಮಾತೆಂದು ಗೊತ್ತು. ಆದರೆ ಆ ಅಭಿಪ್ರಾಯಗಳನ್ನು ಈಗ ಎರಡು ರಾಶಿ ಮಾಡಿಕೊಂಡು ಇನ್ನೊಮ್ಮೆ ಓದಿ ನೋಡು. ಖಾಲಿ ಮನೆಗೆ ಹೋದವರಲ್ಲಿ ಅರ್ಧ ಜನ ಬೈದಿದ್ದಾರೆ, ನಿಜ. ಇನ್ನರ್ಧ ಜನ ಆ ಮನೆಯನ್ನು ಬಿಟ್ಟು ಬರಲಾಗದೆ ಕೂತಿದ್ದಾರೆ. ಒಬ್ಬಳು ಬರೆದಿದ್ದಾಳೆ, ಕೆಲಸದಿಂದ ಬಂದು ದಿನಾ ಸ್ವಲ್ಪ ಹೊತ್ತು ಆ ಮನೆಯಲ್ಲಿ ಕೂರುತ್ತೇನೆ, ಹೆದರಿಕೆಯಾಗುತ್ತದೆ, ಆದರೂ ಹೋಗುತ್ತೇನೆ ಎಂದು. ಆ ಗೂಡು, ಆ ಬೆಳಕು, ಮಣೆ ಎತ್ತಿಟ್ಟ ಗೋಡೆ ಎಲ್ಲ ನಿನ್ನವೇ. ಕಥೆ ಬರೆಯಲು ಬರುವುದಿಲ್ಲ ಎನ್ನುವವಳು ಕಟ್ಟಿದ ಮನೆಯೊಳಗೆ ಜನ ತಮ್ಮ ತಮ್ಮ ಕಥೆಯನ್ನು ತಾವೇ ಹೇಳಿಕೊಂಡು ಕೂತಿದ್ದಾರೆ.

ಇನ್ನೊಂದು ವಿಷಯ. ಬಾಗಿಲು ತೆಗೆದ ಮೇಲಿನ ಆ ಜಾಗಕ್ಕೆ ಸದ್ಯಕ್ಕೊಂದು ಶಬ್ದ ಕೊಡು, ಅವಳನ್ನು ಬರೆದ ಮೇಲೆ ಸರಿಯಾಗಿ ಮಾಡೋಣ ಎಂದು ನೀನು ಹೇಳಿದ್ದೆ. ನಂದಕುಮಾರನ ನಿಶ್ಚಿತಾರ್ಥಕ್ಕೆ ನೀವೆಲ್ಲ ದೊಡ್ಡಬಳ್ಳಾಪುರಕ್ಕೆ ಹೋಗಿದ್ದಾಗ ನಿಮ್ಮ ಖಾಲಿ ಮನೆಯಲ್ಲಿ ರೆಕಾರ್ಡ್ ಮಾಡಿದ್ದೆನಲ್ಲ, ಅದನ್ನು ಎಲ್ಲಿಯೂ ಕತ್ತರಿಸದೆ ಹಾಗೆಯೇ ಹಾಕಿದ್ದೆ. ಅದರ ಕೊನೆಯಲ್ಲಿ ಒಂದು ಕಡೆ ಏನೋ ಇದೆ. ನಾನೂ ಮರೆತಿದ್ದೆ. ರೊಡೆಲ್ ಕಾಲು ಮೇಲೆತ್ತಿಕೊಂಡದ್ದು ಆಗಲೇ.

ಏನೆಂದು ಹೇಳುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು ಮೊದಲ ಕೂಗಿಗೆ ಬಾಗಿಲು ತೆಗೆ. ಒಂದು ಸಲ.

ಅದ್ನಾನ್


ಕೊಡಿಗೇಹಳ್ಳಿ
24 ಆಗಸ್ಟ್ 2018

ಅದ್ನಾನ್,

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡ. ಏನಿದೆ ಎಂದು ನೀನು ಹೇಳದಿದ್ದರೂ ಊರೆಲ್ಲ ಹೇಳುತ್ತಿದೆ. ನೀನು ಹೇಳಿದ ಹಾಗೆ ಎರಡು ರಾಶಿ ಮಾಡಿಕೊಂಡು ಓದಲು ಕೂತೆ. ಒಂದು ಚರ್ಚೆಯ ಪುಟ ಸಿಕ್ಕಿತು, ಅದರ ತುಂಬ ಇದೇ ಮಾತು. ಖಾಲಿ ಮನೆಯಲ್ಲಿ ತುಂಬಾ ಹೊತ್ತು ಕೂತವರಿಗೆ ಇದ್ದಕ್ಕಿದ್ದ ಹಾಗೆ ಕಿವಿಯ ಪಕ್ಕದಲ್ಲೇ, ಮನೆಯ ಒಳಗಿನಿಂದ, ಒಬ್ಬ ಗಂಡಸು 'ಬಂದೆ' ಎನ್ನುತ್ತಾನಂತೆ. ಅದು ಯಾವ ಭಾಷೆ, ಯಾವ ಮಂತ್ರ, ಸತ್ತವನ ಹೆಸರಾ ಎಂದು ಕನ್ನಡ ಬಾರದವರು ಬಡಿದಾಡುತ್ತಿದ್ದಾರೆ. ಒಬ್ಬ ಹೈದರಾಬಾದಿನವನು ಅರ್ಥ ಹೇಳಿದ ಮೇಲಂತೂ ಇನ್ನೂ ಕೆಟ್ಟಿದೆ. ಹೊರಗೆ ಯಾರೂ ಇಲ್ಲ, ಆದರೆ ಒಳಗಿನಿಂದ ಒಬ್ಬ ನಾನು ಬಂದೆ ಎನ್ನುತ್ತಾನೆ, ಇಂಥ ಹೆದರಿಕೆಯನ್ನು ಯಾರೂ ಮಾಡಿಲ್ಲ ಎಂದು ಕೆಲವರು ಕುಣಿಯುತ್ತಿದ್ದಾರೆ. ಇದು ಅಗ್ಗದ ಚೇಷ್ಟೆ, ಸುಮ್ಮನಿದ್ದ ಮನೆಯನ್ನು ಒಂದು ಮಾತಿನಿಂದ ಹಾಳು ಮಾಡಿದರು ಎಂದು ಇನ್ನು ಕೆಲವರು.

ನಾನು ಇನ್ನು ಕೆಲವರ ಕಡೆ. ಕಿವಿಯಲ್ಲಿ ಕಿರುಚಿ ಹೆದರಿಸುವುದು ಬೇಡ ಎಂದು ಮೊದಲ ದಿನವೇ ಮಾತಾಗಿತ್ತು. ನನಗೆ ಹೇಳದೆ ಒಂದು ಧ್ವನಿ ತುರುಕಿದ್ದೀಯ. ಮರೆತಿದ್ದೆ, ಕತ್ತರಿಸದೆ ಹಾಕಿದ್ದೆ ಎಂದು ಈಗ ಕಥೆ ಕಟ್ಟಬೇಡ. ಖಾಲಿ ಮನೆಯಲ್ಲಿ ಬಂದೆ ಎನ್ನಲು ಯಾರಿದ್ದರು?

ನಾನು ಬರೆದದ್ದು ಯಾರಿಗೂ ಬೇಡ. ಬರೆಯದೆ ಬಿಟ್ಟದ್ದು ಕೆಲವರಿಗೆ ಬೇಕು, ಅದೂ ನೀನು ಗುಟ್ಟಾಗಿ ಸೇರಿಸಿದ್ದಕ್ಕೆ. ಇದಕ್ಕಿಂತ ತೆಗೆದುಹಾಕುವುದೇ ಮೇಲು. ಒಪ್ಪಿಗೆ ಕಳುಹಿಸು.

ಸರಳಾ


ಶಾರ್ಜಾ
25 ಆಗಸ್ಟ್ 2018

ಸರಳಾ,

ಒಪ್ಪಿಗೆ ಕೊಟ್ಟಿದ್ದೇನೆ. ಇನ್ನು ನೀನೊಬ್ಬಳು ಒತ್ತಿದರೆ ಆಟ ಹೋಗುತ್ತದೆ. ನಿನ್ನ ಎರಡು ವರ್ಷ, ನಿನ್ನ ಇಷ್ಟ.

ಖಾಲಿ ಮನೆಯಲ್ಲಿ ಯಾರಿದ್ದರು ಎಂದು ಕೇಳಿದ್ದೀಯ. ನಾನಿದ್ದೆ. ಯಾರಿಗೆ ಓಗೊಟ್ಟೆ ಎಂಬುದು ಅಲ್ಲೇ ಇದೆ, ಸ್ಪೀಕರಿನಲ್ಲಿ ಕೇಳುವುದಿಲ್ಲ, ಹೆಡ್‌ಫೋನಿನಲ್ಲಿ ಕೇಳುತ್ತದೆ. ನಾನು ಬಾಯಲ್ಲಿ ಹೇಳಿದರೆ ನೀನು ನಂಬುವ ಸ್ಥಿತಿಯಲ್ಲಿಲ್ಲ.

ಇನ್ನು ನಾನಾಗಿ ಬರೆಯುವುದಿಲ್ಲ. ಮೂರು ಸಲ ಕೂಗುವುದು ಒಂದು ಸಲಕ್ಕೆ ಸಾಕು.

ಅದ್ನಾನ್


ಕೊಡಿಗೇಹಳ್ಳಿ
12 ಸೆಪ್ಟೆಂಬರ್ 2018

ಅದ್ನಾನ್,

ಇವತ್ತು ಗೌರಿ ಹಬ್ಬ. ಬಾಗಿನ ಕೊಡಲು ಅಜ್ಜಿ, ಅಮ್ಮ ಕೋಗಿಲು ಕಡೆಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋದರು. ನಂದಕುಮಾರ ನಿಶ್ಚಯವಾದ ಹುಡುಗಿಗೆ ಸೀರೆ ಕೊಡಲು ಹೋದ. ನಾನು ಆಟ ತೆಗೆಯಬೇಕೆಂದುಕೊಂಡ ಕಡೆಯ ದಿನವೂ ಇವತ್ತೇ ಆದ್ದರಿಂದ ತಲೆನೋವು ಎಂದು ಉಳಿದುಕೊಂಡೆ.

ಗುಂಡಿ ಒತ್ತುವ ಮೊದಲು, ಜಗಳಕ್ಕಾದರೂ ಸಾಕ್ಷಿ ಇರಲಿ ಎಂದು ಹೆಡ್‌ಫೋನ್ ಹಾಕಿಕೊಂಡು ಆಟ ಶುರು ಮಾಡಿದೆ. ರೂಬಿ ಕೂಗಿದಳು. ನನ್ನ ಬೆರಳು ನಿಂತುಬಿಟ್ಟಿತು. ನಾನೇ ಬರೆದ ಆಟ, ನನಗೆ ಗೊತ್ತಿರುವ ರೂಬಿ, ಆದರೂ ಕೂಡಲೇ ಒತ್ತಲಾಗಲಿಲ್ಲ. ಕಣ್ಣು ಮುಚ್ಚಿಕೊಂಡು ತೆಗೆದೆ.

ಯಾರೂ ಬರಲಿಲ್ಲ. ನಾನು ಹಚ್ಚಿದ ದೀಪ, ನಾನು ಹಾಕಿದ ಬೆಳಕು, ಎಲ್ಲವನ್ನೂ ಮೊದಲ ಸಲ ನೋಡಿದ ಹಾಗೆ ಕೂತು ನೋಡಿದೆ. ನಿನ್ನ ಶಬ್ದವೂ ಕೇಳಿತು. ಪಕ್ಕದ ಬಿಲ್ಡಿಂಗಿನ ಮೋಟಾರು, ಎಲ್ಲೋ ಒಂದು ಕುಕ್ಕರು, ದೂರದ ಹೈವೇ, ನಿಮ್ಮ ಕಡೆಯಿಂದ ಗಾಳಿ ಬೀಸಿದಾಗ ಮಾತ್ರ ಬರುವ ಆಜಾನ್. ಜನ ಯಾಕೆ ಅಲ್ಲಿ ಕೂರುತ್ತಾರೆ ಎಂದು ಗೊತ್ತಾಯಿತು. ಮನೆಯಲ್ಲಿ ಯಾರೂ ಇಲ್ಲ, ಆದರೆ ಯಾರೋ ಬರುವವರಿದ್ದಾರೆ. ಅದು ಹೆದರಿಕೆಯಾ, ಆಸೆಯಾ ಎಂದು ನನಗೂ ಹೇಳಲು ಬರುವುದಿಲ್ಲ.

ಆಮೇಲೆ, ತುಂಬಾ ಹೊತ್ತಾದ ಮೇಲೆ, ಗೇಟಿನ ಆಚೆಯಿಂದ ಒಂದು ಧ್ವನಿ. ತೀರಾ ಸಣ್ಣಗೆ. "ಅದ್ನಾನ್."

ನನ್ನದು.

ಅದರ ಬೆನ್ನಿಗೇ, ಉಸಿರು ತೆಗೆದುಕೊಳ್ಳುವಷ್ಟೂ ಬಿಡುವಿಲ್ಲದೆ ಕಿವಿಯ ಪಕ್ಕದಲ್ಲಿ ನೀನು, "ಬಂದೆ." ಚಿಲಕ ಸರಿದ ಸದ್ದು. ಅಲ್ಲಿಗೆ ನಿಂತು ಮತ್ತೆ ಮೊದಲಿನಿಂದ ಶುರುವಾಯಿತು.

ಆ ಸಂಜೆ ಪೂರ್ತಿ ನೆನಪಾಯಿತು. ದೊಡ್ಡಬಳ್ಳಾಪುರದಲ್ಲಿ ಊಟವಾದ ಮೇಲೆ ನೀನು ಒಬ್ಬನೇ ಹಸಿದುಕೊಂಡಿರುತ್ತೀಯ ಎಂದು ಒಬ್ಬಟ್ಟು ಕಟ್ಟಿಸಿಕೊಂಡು ನಾನೊಬ್ಬಳೇ ಮೊದಲ ಬಸ್ಸಿಗೆ ಬಂದಿದ್ದೆ. ಬೀದಿಯ ಗಲಾಟೆ ಬೇಡವೆಂದು ನೀನು ಗೇಟಿಗೆ ಒಳಗಿನಿಂದ ಚಿಲಕ ಹಾಕಿಕೊಂಡಿದ್ದೆ. ಹೊತ್ತು ಮುಳುಗಿತ್ತು. ಒಂದು ಸಲ ಕೂಗಿದೆ. ಇನ್ನೂ ಎರಡು ಸಲ ಕೂಗಬೇಕಾಗುತ್ತದಲ್ಲ ಎಂದು ಒಬ್ಬಟ್ಟಿನ ಡಬ್ಬಿ ಕೆಳಗಿಡುತ್ತಿದ್ದೆ, ಅಷ್ಟರಲ್ಲಿ ನೀನು ಬಾಗಿಲಲ್ಲಿದ್ದೆ. ನಾನು ಬೈದೆ. "ಏನೋ ನೀನು, ಒಂದೇ ಸಲಕ್ಕೆ ಬಂದ್ಬಿಡ್ತೀಯ? ನಾನಲ್ದೆ ಬೇರೆ ಏನಾದ್ರೂ ಆಗಿದ್ರೆ?" ನೀನು ಡಬ್ಬಿ ಕಿತ್ತುಕೊಂಡು, "ನಿನ್ ಧ್ವನಿ ಗೊತ್ತಾಗಲ್ವಾ ನಂಗೆ?" ಎಂದೆ. ಒಬ್ಬಟ್ಟಿಗೆ ತುಪ್ಪ ಇಲ್ಲವಾ ಎಂದೂ ಕೇಳಿದೆ.

ನಿನ್ನ ಮನೆಯಲ್ಲೂ ಅದೇ ನಿಯಮ. ರೂಬಿ ಆಟದಲ್ಲಿ ತನ್ನದೇ ಧ್ವನಿ ಕರೆದರೂ ಎದ್ದವಳಲ್ಲ. ನೀನು ನನಗೆ ಮೊದಲ ಕೂಗಿಗೇ ಎದ್ದು ಬಂದಿದ್ದೆ. ನಿನ್ನ ಎರಡು ಪತ್ರಗಳನ್ನು ನಾನು ಓದಿ, ಓದಿ, ಉತ್ತರಿಸದೆ ಇಟ್ಟುಕೊಂಡಿದ್ದೆ.

ಹೆಡ್‌ಫೋನ್ ತೆಗೆದು ಸ್ವಲ್ಪ ಹೊತ್ತು ಅತ್ತೆ. ಬೇಸರಕ್ಕಲ್ಲ.

ಆಟವನ್ನು ತೆಗೆದಿಲ್ಲ, ತೆಗೆಯುವ ಕೋರಿಕೆಯನ್ನೇ ರದ್ದು ಮಾಡಿದ್ದೇನೆ. ಒಳಗೆ ಬರಬೇಕಾದವಳನ್ನು ಬರೆಯುವುದೂ ಇಲ್ಲ. ಮಾಡದ ಕೆಲಸಕ್ಕೆ ಹೆಸರು ಬೇಡ ಎಂದು ಆಟದ ಪುಟದಲ್ಲಿ ಎರಡು ಸಾಲು ಸೇರಿಸಿದೆ: 'ಮೊದಲ ಕೂಗಿಗೆ ಬಾಗಿಲು ತೆಗೆದವರು ಕಾಣುವ ಮನೆ ನಾವು ಮಾಡುವುದನ್ನು ಮರೆತದ್ದು. ಮರೆತದ್ದನ್ನು ಹಾಗೆಯೇ ಬಿಟ್ಟಿದ್ದೇವೆ.' ಇದಕ್ಕೂ ಆಗಲೇ ಎರಡು ಅಭಿಪ್ರಾಯ ಬಂದಿವೆ. ಪ್ರಾಮಾಣಿಕರು ಎಂದು ಒಬ್ಬ, ಸೋಮಾರಿಗಳು ಎಂದು ಇನ್ನೊಬ್ಬ. ಇಬ್ಬರೂ ಸರಿ. ನನಗೆ ಎರಡನ್ನೂ ಓದಿ ನಗು ಬಂತು.

ಬಂದೆ ಎಂದದ್ದು ಯಾರು ಎಂದು ಅವರು ಇನ್ನೂ ಬಡಿದಾಡುತ್ತಿದ್ದಾರೆ. ಅದನ್ನು ಹೇಳಿಲ್ಲ. ಅದು ನನಗಿರಲಿ.

ಆಫೀಸಿನ ವಿಭಾಗ ಬೇಡವೆಂದೆ. ಸಂಜೆಗಳು ಬೇಕು. ಹೊಸದೊಂದು ಶುರು ಮಾಡಿದ್ದೇನೆ, ಈ ಸಲ ರೊಡೆಲ್‌ನಿಂದಲೇ ಮೊದಲು ಆಡಿಸೋಣ.

ಕ್ಷಮಿಸು ಎಂದು ಬರೆದು ಅಳಿಸಿದೆ. ಮತ್ತೆ ಬರೆಯುತ್ತಿದ್ದೇನೆ. ಕ್ಷಮಿಸು.

ಸರಳಾ


ಶಾರ್ಜಾ
20 ಡಿಸೆಂಬರ್ 2018

ಸರಳಾ,

ರಜೆ ಸಿಕ್ಕಿತು. ಭಾನುವಾರ ಮಧ್ಯಾಹ್ನ ಇಳಿಯುತ್ತೇನೆ. ಏರ್‌ಪೋರ್ಟ್ ರಸ್ತೆಯಲ್ಲಿ ನಿಮ್ಮ ಮನೆ ಮೊದಲು, ನಮ್ಮ ಮನೆ ಆಮೇಲೆ. ಅಮ್ಮಿಗೆ ವಿಮಾನ ಇಳಿಯುವುದು ರಾತ್ರಿ ಎಂದು ಹೇಳಿದ್ದೇನೆ, ನೀನೂ ಹಾಗೆಯೇ ಹೇಳು. ಯಲಹಂಕದ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರೆ ನಿಮ್ಮ ಗೇಟಿಗೆ ಬರುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿರುತ್ತದೆ.

ಎಷ್ಟು ಸಲ ಕೂಗಬೇಕು, ಮೊದಲೇ ತಿಳಿಸು. ಗಂಟಲು ಕೆಟ್ಟಿದೆ.

ಅದ್ನಾನ್


ಕೊಡಿಗೇಹಳ್ಳಿ
20 ಡಿಸೆಂಬರ್ 2018

ಅದ್ನಾನ್,

ನಿನ್ನ ಪತ್ರ ಈಗ ತಾನೇ ಬಂತು, ಈಗಲೇ ಬರೆಯುತ್ತಿದ್ದೇನೆ.

ನೀನು ಬರುವ ವಿಷಯ ಅಜ್ಜಿಗೆ ಹೇಳಿದೆ. "ಬರ್ಲಿ ಬುಡು, ಆ ಉಡ್ಗ ಆದ್ರೂ ಸೈತ ಮೂರ್ ಕಿತ ಕೂಗ್ಲೇಬೇಕು, ದೀಪದ್ ಒತ್ತು" ಎಂದಳು. ಅವಳಿಗೆ ನಾನು ಹೇಳಿಕೊಳ್ಳುತ್ತೇನೆ. ಗೇಟಿನ ಹತ್ತಿರವೇ ಕುರ್ಚಿ ಹಾಕಿಕೊಂಡಿರುತ್ತೇನೆ. ಒಬ್ಬಟ್ಟಿಗೆ ತುಪ್ಪ ಇದೆ.

ನೀನು ಒಂದೇ ಸಲ ಕೂಗು.

ಸರಳಾ